ಮನೆಯೊಳಗಿನ ಪುಟ್ಟ ನಾಯಿ: ಶೌಚದ ರೂಢಿ ಮತ್ತು ಬೊಗಳುವಿಕೆಯ ಹತೋಟಿ

ಹಳ್ಳಿಯ ಮನೆಗಳಲ್ಲಿ ನಾಯಿಯ ಸ್ಥಾನ ಬಹುಕಾಲ ಹೊಸ್ತಿಲಿನ ಹೊರಗೇ ಇತ್ತು. ಅಂಗಳದಲ್ಲಿ ಮಲಗಿ, ಮಿಕ್ಕ ಮುದ್ದೆ ಅನ್ನ ತಿಂದು, ರಾತ್ರಿ ತೋಟಕ್ಕೋ ಕಣಕ್ಕೋ ಯಜಮಾನನ ಹಿಂದೆ ಹೋಗುವ ನಾಯಿಗೆ ಎಲ್ಲಿ ಮೂತ್ರ ಮಾಡಬೇಕೆಂಬುದನ್ನು ಕಲಿಸುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಈಗ ಸ್ಥಿತಿ ಬೇರೆಯಾಗಿದೆ. ಪೇಟೆಯಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಬುಟ್ಟಿಯಲ್ಲೊಂದು ಬಿಳಿಯ ಮರಿಯನ್ನು ತರುತ್ತಾರೆ. ಹಬ್ಬ ಮುಗಿದ ಮೇಲೆ ಮಕ್ಕಳು ಹಿಂದಿರುಗುತ್ತಾರೆ, ಮರಿ ಮಾತ್ರ ತಂದೆ ತಾಯಿಯರ ಪಾಲಿಗೆ ಉಳಿಯುತ್ತದೆ. ಅದು ಪಡಸಾಲೆಯಲ್ಲೇ ಉಣ್ಣುತ್ತದೆ, ಅಲ್ಲೇ ಮಲಗುತ್ತದೆ, ಅಲ್ಲೇ ಮೂತ್ರವನ್ನೂ ಮಾಡುತ್ತದೆ. ಯಾರು ಬಂದರೂ ಎಡೆಬಿಡದೆ ಬೊಗಳುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಮನೆಯವರ ತಾಳ್ಮೆ ಮುಗಿದು, ಮರಿ ಕೊಟ್ಟಿಗೆಯ ಕಂಬಕ್ಕೆ ಸರಪಳಿಯಲ್ಲಿ ಸೇರುತ್ತದೆ, ಇಲ್ಲವೇ ಸಂತೆಯ ದಾರಿಯಲ್ಲಿ ಬಿಡಲ್ಪಡುತ್ತದೆ. ಹೀಗಾಗುವುದಕ್ಕೆ ಮರಿಯ ಕೆಟ್ಟ ಗುಣ ಕಾರಣವಲ್ಲ. ಮೊದಲ ಎಂಟು ಹತ್ತು ವಾರಗಳಲ್ಲಿ ಕಲಿಸಬೇಕಾದುದನ್ನು ಕಲಿಸದೆ ಬಿಟ್ಟುದೇ ಕಾರಣ.

ಈ ಬಿಳಿಯ ಮರಿಗಳನ್ನು ನಮ್ಮ ಕಡೆ ಪಾಮೇರಿಯನ್ ಎಂದು ಕರೆಯುವುದು ರೂಢಿ. ನಿಜವಾದ ಪಾಮೇರಿಯನ್ ಮೂರು ಕಿಲೋಗ್ರಾಂ ಒಳಗಿನ ಅತಿ ಚಿಕ್ಕ ನಾಯಿ. ನಮ್ಮ ಊರುಗಳಲ್ಲಿ ಕಾಣುವ ಬಹುಪಾಲು ನಾಯಿಗಳು ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಸ್ಪಿಟ್ಜ್ ನಾಯಿಗಳಿಂದ ಬೆಳೆದ ಇಂಡಿಯನ್ ಸ್ಪಿಟ್ಜ್ ತಳಿಯವು. ಸಣ್ಣ ಬಗೆಯವು ಸಾಮಾನ್ಯವಾಗಿ 5 ರಿಂದ 7 ಕಿಲೋಗ್ರಾಂ ತೂಗುತ್ತವೆ. 1994 ರ ಹಿಂದಿ ಚಿತ್ರ ‘ಹಮ್ ಆಪ್ಕೆ ಹೈ ಕೌನ್’ ದಲ್ಲಿ ಕಾಣಿಸಿಕೊಂಡ ಟಫಿ ಇದೇ ತಳಿಯದು. ಚೂಪು ಮೂತಿ, ನೆಟ್ಟಗಿನ ಕಿವಿ, ಬೆನ್ನ ಮೇಲೆ ಸುರುಳಿಯಾಗಿ ಬಿದ್ದ ಬಾಲ ಇದರ ಗುರುತು. (ನಾಯಿ ಬಾಲಕ್ಕೆ ದಬ್ಬೆ ಕಟ್ಟುವ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಆ ಗಾದೆ ಬಾಲಕ್ಕೆ ಮಾತ್ರ ಸಲ್ಲುತ್ತದೆ, ಬುದ್ಧಿಗಲ್ಲ.) ಕೆಳಗೆ ಹೇಳಿರುವ ಕ್ರಮಗಳು ಡ್ಯಾಷ್‌ಹಂಡ್, ಪಗ್ ಮುಂತಾದ ಇತರ ಸಣ್ಣ ತಳಿಗಳಿಗೂ ಅನ್ವಯಿಸುತ್ತವೆ.

ರೈತನ ಮನೆಯಲ್ಲಿ ಇದು ಏಕೆ ಮುಖ್ಯ?

ಪೇಟೆಯ ಮನೆಯಲ್ಲಿ ಮರಿ ನೆಲದ ಮೇಲೆ ಮೂತ್ರ ಮಾಡಿದರೆ ಒರೆಸಿ ಮರೆಯಬಹುದು. ರೈತನ ಮನೆಯಲ್ಲಿ ಅಂಗಳದ ತುಂಬ ಅಡಿಕೆ, ಕಾಫಿ, ಮೆಣಸಿನಕಾಯಿ, ರಾಗಿ ಹರಡಿರುತ್ತದೆ. ಕೊಟ್ಟಿಗೆಯ ಪಕ್ಕದಲ್ಲೇ ಹುಲ್ಲಿನ ಬಣವೆ ಇರುತ್ತದೆ. ಮೆತ್ತಗಿನ, ವಾಸನೆ ಹೀರುವ ಜಾಗ ಕಂಡರೆ ಮರಿ ಅದನ್ನೇ ಆರಿಸಿಕೊಳ್ಳುತ್ತದೆ. ಒಣ ಹುಲ್ಲು ಅದಕ್ಕೆ ಹೇಳಿ ಮಾಡಿಸಿದಂತಹ ಜಾಗ.

ಹುಲ್ಲಿನಲ್ಲಿ ನಾಯಿಯ ಮಲ ಬೀಳುವುದು ಅಸಹ್ಯದ ವಿಷಯವಷ್ಟೇ ಅಲ್ಲ. ನಿಯೋಸ್ಪೋರಾ ಎಂಬ ಪರಾವಲಂಬಿ ಜೀವಿ ನಾಯಿಯ ಮಲದ ಮೂಲಕ ಮೇವನ್ನೂ ನೀರನ್ನೂ ಸೇರಿ, ಗಬ್ಬದ ಹಸುಗಳಲ್ಲಿ ಕಂದು ಹಾಕಲು ಕಾರಣವಾಗುತ್ತದೆ. ಹಸುವಿಗೆ ಹೊರಗಡೆ ಯಾವ ಕಾಯಿಲೆಯೂ ಕಾಣದಿರಬಹುದು, ನಾಲ್ಕೈದು ತಿಂಗಳ ಗಬ್ಬ ಇದ್ದಕ್ಕಿದ್ದಂತೆ ಹೋಗಿಬಿಡುತ್ತದೆ. ಹೈನಿನ ಮನೆಗೆ ಇದು ಒಂದು ವರ್ಷದ ನಷ್ಟ. ಸತ್ತ ಕರುವನ್ನೂ ಮಾಸನ್ನೂ ನಾಯಿಗೆ ತಿನ್ನಲು ಬಿಟ್ಟರೆ ಅದೇ ಚಕ್ರ ಮತ್ತೆ ತಿರುಗುತ್ತದೆ. ಆದ್ದರಿಂದ ಅವನ್ನು ಆಳವಾಗಿ ಹೂಳಬೇಕು.

ಮನುಷ್ಯರಿಗೂ ಅಪಾಯವುಂಟು. ಮರಿಗಳ ಹೊಟ್ಟೆಯಲ್ಲಿ ದುಂಡು ಜಂತು ಮತ್ತು ಕೊಕ್ಕೆ ಜಂತು ಇರುವುದು ಸಾಮಾನ್ಯ. ದುಂಡು ಜಂತಿನ ಮೊಟ್ಟೆಗಳು ಮಲದೊಡನೆ ಬಿದ್ದ ಕೂಡಲೇ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಸುಮಾರು ಎರಡು ವಾರ ಅಥವಾ ಹೆಚ್ಚು ಕಾಲ ಬಲಿತ ಮೇಲೆ, ಅದೇ ಮಣ್ಣಿನಲ್ಲಿ ಆಡಿ ಕೈ ಬಾಯಿಗೆ ಹಾಕುವ ಮಕ್ಕಳ ದೇಹ ಸೇರುತ್ತವೆ. ಕೊಕ್ಕೆ ಜಂತಿನ ಮರಿಗಳಂತೂ ಇನ್ನೂ ಬೇಗ ಬಲಿತು, ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗಬಲ್ಲವು. ಪ್ರತಿದಿನ ಮಲವನ್ನು ತೆಗೆದು ಹೂಳುವುದರಿಂದ ಈ ಎರಡೂ ತಪ್ಪುತ್ತವೆ. ಮರಿ ಎಲ್ಲೆಂದರಲ್ಲಿ ಹೋದರೆ ದಿನವೂ ಹುಡುಕಿ ತೆಗೆಯುವವರು ಯಾರು? ಒಂದೇ ಜಾಗಕ್ಕೆ ಹೋಗುವ ರೂಢಿಯಾದರೆ ಕೆಲಸ ಒಂದು ನಿಮಿಷದ್ದು. ನಾಯಿಯ ಮಲವನ್ನು ಸಗಣಿ ಗುಂಡಿಗೂ ಕಾಯಿಪಲ್ಲೆಯ ಪಾತಿಗೂ ಹಾಕಬಾರದು.

ಮರಿ ತರುವ ಮುನ್ನ

ಎಂಟು ವಾರ ತುಂಬದ ಮರಿಯನ್ನು ತರಬಾರದು. 2017 ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರವೂ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಕಣ್ಣು ಬಿಟ್ಟೊಡನೆ ತಂದ ಮರಿ ಹೆಚ್ಚು ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಕಚ್ಚುವುದರ ಮಿತಿಯನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳೊಡನೆ ಆಡುವಾಗ. ಮಲಗುವ ಜಾಗವನ್ನು ಹೊಲಸು ಮಾಡದೆ ಸ್ವಲ್ಪ ದೂರ ಹೋಗುವುದನ್ನೂ ಅದು ತಾಯಿಯ ಬಳಿ ಇರುವಾಗಲೇ ರೂಢಿಸಿಕೊಳ್ಳುತ್ತದೆ. ಮುಂದೆ ಮನೆಯವರು ಕಲಿಸುವ ಶೌಚದ ಪಾಠಕ್ಕೆ ಇದೇ ಅಡಿಪಾಯ. ಅತಿ ಇಕ್ಕಟ್ಟಾದ, ಹೊಲಸು ಪಂಜರದಲ್ಲಿ ಬೆಳೆದ ಮರಿ ಈ ಸಹಜ ಗುಣವನ್ನು ಕಳೆದುಕೊಂಡಿರುತ್ತದೆ. ಅಂತಹ ಮರಿಗೆ ಕಲಿಸಲು ಎರಡರಷ್ಟು ಕಾಲ ಹಿಡಿಯಬಹುದು. ಮಾರುವವರ ಮನೆಗೆ ಹೋಗಿ ತಾಯಿಯನ್ನೂ ಮರಿಗಳಿರುವ ಜಾಗವನ್ನೂ ಕಣ್ಣಾರೆ ನೋಡಿ ತರುವುದು ಲೇಸು.

ಮರಿ ಇದುವರೆಗೆ ಯಾವುದರ ಮೇಲೆ ಶೌಚ ಮಾಡುತ್ತಿತ್ತು ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು. ಎಂಟು ಒಂಬತ್ತು ವಾರದ ಹೊತ್ತಿಗೆ ಮರಿಗಳಿಗೆ ಇಂತಹ ನೆಲವೇ ಬೇಕೆಂಬ ಒಲವು ಬೆಳೆಯುತ್ತದೆ. ಹಳೆಯ ಪತ್ರಿಕೆಯ ಮೇಲೆ ಬೆಳೆದದ್ದು ಪತ್ರಿಕೆಯನ್ನೇ ಹುಡುಕುತ್ತದೆ, ಮಣ್ಣಿನ ಮೇಲೆ ಬೆಳೆದದ್ದು ಮಣ್ಣನ್ನು. ಇಲ್ಲಿ ರೈತರ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಒಂದು ಎಡವಟ್ಟನ್ನು ಗಮನಿಸಬೇಕು. ಒದ್ದೆ ಹೀರುತ್ತದೆಂದು ಮರಿಯ ಮೂಲೆಗೆ ಗೋಣಿಚೀಲ ಹಾಸುತ್ತಾರೆ. ಮರಿ ಅದರ ಮೇಲೆ ಮೂತ್ರ ಮಾಡಲು ಕಲಿಯುತ್ತದೆ. ಮುಂದೆ ಅಂಗಳದಲ್ಲಿ ಗೋಣಿತಾಟಿನ ಮೇಲೆ ಅಡಿಕೆಯನ್ನೋ ಕಾಳನ್ನೋ ಹರಡಿದಾಗ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಗೋಣಿಯನ್ನು ಶೌಚಕ್ಕೆ ಎಂದೂ ಬಳಸಬಾರದು. ಹಾಸಿಗೆಗೆ ಹಳೆಯ ಹತ್ತಿ ಬಟ್ಟೆ, ಶೌಚಕ್ಕೆ ಮಣ್ಣು ಅಥವಾ ಮರಳು, ಹೀಗೆ ಬೇರೆ ಬೇರೆಯಾಗಿರಲಿ.

ಜಾಗದ ಆಯ್ಕೆ

ಹಿತ್ತಲಿನಲ್ಲಿ, ಬಾವಿ ಮತ್ತು ಕೊಟ್ಟಿಗೆಯಿಂದ ದೂರವಿರುವ, ಮಳೆಯ ನೀರು ತೋಟಕ್ಕೆ ಹರಿಯದ ಒಂದು ಮೂಲೆಯನ್ನು ಗೊತ್ತು ಮಾಡಿ, ನಾಲ್ಕು ಅಡಿ ಉದ್ದ ಮೂರು ಅಡಿ ಅಗಲದ ಜಾಗದಲ್ಲಿ ಸಡಿಲ ಮಣ್ಣು ಹಾಕಬೇಕು. ಅದು ಬೀದಿನಾಯಿಗಳು ಬಾರದಂತೆ ಬೇಲಿಯ ಒಳಗಿರುವುದು ಅವಶ್ಯಕ. ಪಾರ್ವೊ ರೋಗದ ವೈರಾಣು ಸೋಂಕುಳ್ಳ ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆಗಳು ಮುಗಿಯದ ಮರಿಗೆ ರಕ್ತಭೇದಿ ಹತ್ತಿದರೆ ಉಳಿಸಿಕೊಳ್ಳುವುದು ಕಷ್ಟ. ಆದುದರಿಂದ ನಾಲ್ಕು ತಿಂಗಳಾಗುವವರೆಗೆ ಬೀದಿಯ ಬದಿಗೆ ಶೌಚಕ್ಕೆ ಒಯ್ಯಬಾರದು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ತೊಡಕು. ಈ ನಾಯಿಗಳ ಕಾಲು ಗಿಡ್ಡ. ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಹೊಟ್ಟೆಯೆಲ್ಲ ತೊಯ್ಯುತ್ತದೆ. ಮಳೆಯಲ್ಲಿ ಹೊರಗೆ ಬಿಟ್ಟರೆ ಬಾಗಿಲ ಬಳಿಯೇ ನಡುಗುತ್ತ ನಿಂತು, ಒಳಗೆ ಬಂದೊಡನೆ ಚಾಪೆಯ ಮೇಲೆ ಮುಗಿಸುತ್ತವೆ. ಮೊಂಡುತನವೆಂದು ಬೈದು ಫಲವಿಲ್ಲ. ಶೌಚದ ಜಾಗಕ್ಕೆ ನಾಲ್ಕು ಗೂಟ ನೆಟ್ಟು ಅಡಿಕೆ ಸೋಗೆಯನ್ನೋ ತಗಡನ್ನೋ ಹೊದಿಸಿದರೆ ತೊಡಕು ನಿವಾರಣೆಯಾಗುತ್ತದೆ. ಅದೂ ಸಾಧ್ಯವಿಲ್ಲದಿದ್ದರೆ ಹಿಂಬದಿಯ ಜಗಲಿಯಲ್ಲಿ ಅಗಲವಾದ ತಟ್ಟೆಯಲ್ಲಿ ಮರಳು ತುಂಬಿಡಬಹುದು.

ಕಲಿಸುವ ಕ್ರಮ

ಎರಡು ತಿಂಗಳ ಮರಿಯ ಮೂತ್ರಕೋಶ ಬಹಳ ಚಿಕ್ಕದು, ಅದನ್ನು ಹಿಡಿದಿಡುವ ಸ್ನಾಯುಗಳ ಹತೋಟಿಯೂ ಪೂರ್ಣವಾಗಿರುವುದಿಲ್ಲ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಅಷ್ಟು ಗಂಟೆ ಅದು ಹೆಚ್ಚೆಂದರೆ ತಡೆಯಬಲ್ಲದು ಎಂಬುದು ಸ್ಥೂಲ ಲೆಕ್ಕ. ಸಣ್ಣ ತಳಿಗಳಲ್ಲಿ ಇದಕ್ಕಿಂತಲೂ ಕಡಿಮೆ. ಎಚ್ಚರವಾಗಿ ಆಡುತ್ತಿರುವ ಮರಿಯನ್ನು ಗಂಟೆಗೊಮ್ಮೆಯಾದರೂ ಹೊರಗೆ ಒಯ್ಯುವುದು ಕ್ಷೇಮ. ತನ್ನ ಶರೀರಕ್ಕೆ ಆಗದ ಕೆಲಸಕ್ಕೆ ಮರಿ ಹೊಣೆಯಲ್ಲ.

ಗಂಟೆಯ ಲೆಕ್ಕಕ್ಕಿಂತಲೂ ಸಂದರ್ಭದ ಲೆಕ್ಕ ಮುಖ್ಯ. ನಿದ್ರೆಯಿಂದ ಎದ್ದ ಕೂಡಲೇ, ನೀರು ಕುಡಿದ ಸ್ವಲ್ಪ ಹೊತ್ತಿಗೆ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ, ಆಟ ಜೋರಾದ ಮೇಲೆ ಮರಿಗೆ ಶೌಚ ಬರುವುದು ಖಂಡಿತ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದೇ ಇದಕ್ಕೆ ಕಾರಣ. ಆಡುತ್ತಿದ್ದ ಮರಿ ತಟ್ಟನೆ ಆಟ ಬಿಟ್ಟು ನೆಲ ಮೂಸುತ್ತ ಸುತ್ತತೊಡಗಿದರೆ, ಅಥವಾ ಮೂಲೆಯ ಕಡೆಗೆ ಹೊರಟರೆ, ಇನ್ನು ಅರ್ಧ ನಿಮಿಷವೂ ಇಲ್ಲವೆಂದು ತಿಳಿದು ಎತ್ತಿಕೊಂಡು ಹೊರಡಬೇಕು.

ಹೊರಗೆ ಒಯ್ಯುವಾಗ ಪ್ರತಿಸಲವೂ ಒಂದೇ ಬಾಗಿಲು, ಒಂದೇ ದಾರಿ, ಒಂದೇ ಜಾಗ ಇರಬೇಕು. ಹಗುರವಾದ ಹಗ್ಗ ಕಟ್ಟಿ, ಮರಿಯನ್ನು ಆ ಜಾಗದಲ್ಲಿ ಇಳಿಸಿ ಸುಮ್ಮನೆ ನಿಲ್ಲಬೇಕು. ಆಟ, ಮಾತು, ಮುದ್ದು ಏನೂ ಇರಕೂಡದು. ಮೂತ್ರ ಮಾಡಲು ಶುರುವಾದಾಗ ‘ಉಚ್ಚೆ ಮಾಡು’ ಎಂದೋ ಮನೆಯವರಿಗೆ ಹೊಂದುವ ಮತ್ತಾವುದೋ ಒಂದೇ ಮಾತನ್ನು ಮೆಲ್ಲಗೆ ಹೇಳಬೇಕು. ಮುಗಿದ ಎರಡು ಮೂರು ಕ್ಷಣದೊಳಗೆ, ಅದೇ ಸ್ಥಳದಲ್ಲಿ, ಬೇಯಿಸಿದ ಮೊಟ್ಟೆಯ ಚೂರನ್ನೋ ಹುರಿಗಡಲೆಯ ಒಂದೆರಡು ಕಾಳನ್ನೋ ಕೊಟ್ಟು ಹೊಗಳಬೇಕು. ಒಳಗೆ ಬಂದ ಮೇಲೆ ಕೊಟ್ಟರೆ, ಮನೆಯೊಳಗೆ ಬಂದುದಕ್ಕೆ ತಿಂಡಿ ಸಿಕ್ಕಿತೆಂದು ಮರಿ ತಿಳಿಯುತ್ತದೆ. ಬಹಳ ಮನೆಗಳಲ್ಲಿ ಪಾಠ ಹಾಳಾಗುವುದು ಇಲ್ಲಿಯೇ. ಮೂತ್ರವಾದೊಡನೆ ಒಳಗೆ ಎಳೆದು ತರುವುದೂ ಇನ್ನೊಂದು ತಪ್ಪು. ಹೊರಗಿನ ಸುಖ ಮುಗಿಯುತ್ತದೆಂದು ತಿಳಿದ ಜಾಣ ಮರಿ ಮೂತ್ರವನ್ನೇ ತಡೆಹಿಡಿಯುತ್ತದೆ. ಕೆಲಸವಾದ ಮೇಲೆ ಐದು ನಿಮಿಷ ಅಂಗಳದಲ್ಲಿ ಆಡಲು ಬಿಡಬೇಕು. ಹತ್ತು ನಿಮಿಷ ಕಾದರೂ ಆಗದಿದ್ದರೆ ಒಳಗೆ ತಂದು, ಕಣ್ಣ ಮುಂದೆಯೇ ಇಟ್ಟುಕೊಂಡು, ಕಾಲು ಗಂಟೆಯ ನಂತರ ಮತ್ತೆ ಒಯ್ಯಬೇಕು.

ಮರಿಯ ಮೇಲೆ ಕಣ್ಣಿಡಲು ಆಗದ ಹೊತ್ತಿಗೆ ಅದಕ್ಕೊಂದು ಪುಟ್ಟ ಸ್ಥಳ ಬೇಕು. ತಂತಿಯ ಪಂಜರ, ಮರದ ಪೆಟ್ಟಿಗೆ, ಬಿದಿರಿನ ತಟ್ಟಿಯಿಂದ ಮರೆಮಾಡಿದ ಮೂಲೆ ಯಾವುದಾದರೂ ಆದೀತು. ಮರಿ ಎದ್ದು ನಿಂತು ತಿರುಗಿ ಕಾಲು ಚಾಚಿ ಮಲಗುವಷ್ಟು ಅಗಲವಿದ್ದರೆ ಸಾಕು. ಬಹಳ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದರಲ್ಲಿ ಹೊಲಸು ಮಾಡುತ್ತದೆ. ಊಟವನ್ನು ಅಲ್ಲಿಯೇ ಕೊಟ್ಟು ಆ ಜಾಗವನ್ನು ಮರಿಗೆ ಹಿತವಾಗಿಸಬೇಕು. ಅದು ಶಿಕ್ಷೆಯ ಕೋಣೆಯಾಗಬಾರದು, ಹಗಲಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕೂಡಿಹಾಕಲೂಬಾರದು. ಮನೆಯವರೆಲ್ಲರೂ ಬೆಳಗಿನಿಂದ ಸಂಜೆಯವರೆಗೆ ಗದ್ದೆಗೆ ಹೋಗುವ ಕಾಲದಲ್ಲಿ, ಅಂದರೆ ನಾಟಿ ಕೊಯ್ಲಿನ ದಿನಗಳಲ್ಲಿ, ಮರಿ ತರದಿರುವುದೇ ವಿವೇಕ.

ರಾತ್ರಿ ಮೊದಲ ಎರಡು ವಾರ ಪೆಟ್ಟಿಗೆಯನ್ನು ಮಲಗುವವರ ಹತ್ತಿರವೇ ಇಡಬೇಕು. ತಾಯಿಯ ಮೈಶಾಖವನ್ನು ಬಿಟ್ಟು ಬಂದ ಮರಿ ಒಂಟಿಯಾಗಿ ಅಳುವುದು ಸಹಜ. ದೂರದ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿದರೆ ಮುಂದಿನ ಬೊಗಳುವಿಕೆಗೆ ಅಂದೇ ಬೀಜ ಬಿತ್ತಿದಂತೆ. ಹತ್ತಿರವಿದ್ದರೆ ಅದರ ಕುಂಯ್‌ಗುಟ್ಟುವಿಕೆ ಕೇಳಿಸಿ, ನಡುರಾತ್ರಿ ಒಂದು ಸಲ ಹೊರಗೆ ಒಯ್ಯಲು ಸಾಧ್ಯವಾಗುತ್ತದೆ. ದೀಪ, ಮಾತು ಆದಷ್ಟು ಕಡಿಮೆಯಿರಲಿ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮರಿಗಳು ಬೆಳಗಿನವರೆಗೆ ತಡೆಯುತ್ತವೆ. ಆಮೇಲೆ ಪೆಟ್ಟಿಗೆಯನ್ನು ದಿನಕ್ಕಿಷ್ಟರಂತೆ ಪಡಸಾಲೆಗೆ ಸರಿಸಬಹುದು.

ಆಹಾರದ ಹೊತ್ತು ಗೊತ್ತಿಲ್ಲದಿದ್ದರೆ ಶೌಚದ ಹೊತ್ತೂ ಗೊತ್ತಾಗದು. ಎರಡು ಮೂರು ತಿಂಗಳ ಮರಿಗೆ ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 4 ಮತ್ತು ರಾತ್ರಿ 7.30 ಕ್ಕೆ ಹೀಗೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಕೊಟ್ಟರೆ ಸರಿ. ಉಂಡು ಬಿಟ್ಟ ತಟ್ಟೆಯನ್ನು ಕಾಲು ಗಂಟೆಯಲ್ಲಿ ತೆಗೆದಿಡಬೇಕು. ರಾತ್ರಿ ಹೊಲಸು ಮಾಡುತ್ತದೆಂದು ಸಣ್ಣ ಮರಿಯನ್ನು ಉಪವಾಸ ಕೆಡವಬಾರದು. ರಕ್ತದ ಸಕ್ಕರೆ ಇಳಿದು ಮರಿ ತೂರಾಡಿ ಬೀಳಬಹುದು. ನೀರನ್ನೂ ಹಗಲಿನಲ್ಲಿ ತಪ್ಪಿಸಬಾರದು. ಹಸುವಿನ ಹಾಲು ಬಹಳ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ, ಭೇದಿಯಾಗುತ್ತಿರುವ ಮರಿಗೆ ಯಾವ ಶಿಸ್ತನ್ನೂ ಕಲಿಸಲಾಗದು. ಬರಿಯ ಹಾಲು ಅನ್ನಕ್ಕಿಂತ ಮೊಟ್ಟೆ, ಬೇಯಿಸಿದ ಮಾಂಸ, ಸಸ್ಯಾಹಾರಿಗಳ ಮನೆಯಲ್ಲಾದರೆ ಮೊಸರು, ಬೇಯಿಸಿದ ಬೇಳೆ ಬೆರೆತ ಆಹಾರ ಉತ್ತಮ. ಈರುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಒಳಗೆ ಮಾಡಿಬಿಟ್ಟರೆ

ಮಾಡುತ್ತಿರುವಾಗಲೇ ಕಂಡರೆ ಒಮ್ಮೆ ಚಪ್ಪಾಳೆ ತಟ್ಟಿ ತಡೆದು, ಎತ್ತಿಕೊಂಡು ಹೊರಗೆ ಒಯ್ದು, ಅಲ್ಲಿ ಮುಗಿಸಿದರೆ ಹೊಗಳಬೇಕು. ಮಾಡಿ ಹೋದ ಮೇಲೆ ಕಂಡರೆ ಮಾಡಬೇಕಾದದ್ದು ಒರೆಸುವುದೊಂದೇ. ಮೂತಿಯನ್ನು ಅದಕ್ಕೆ ಉಜ್ಜುವುದು, ಮಡಿಸಿದ ಪತ್ರಿಕೆಯಿಂದ ಹೊಡೆಯುವುದು ನಮ್ಮಲ್ಲಿ ಇನ್ನೂ ನಡೆದಿದೆ. ಇದರಿಂದ ಮರಿ ಕಲಿಯುವ ಪಾಠ ಬೇರೆಯೇ. ಮನುಷ್ಯರ ಎದುರಿಗೆ ಮೂತ್ರ ಮಾಡುವುದು ಅಪಾಯವೆಂದು ತಿಳಿದು ಅದು ಮಂಚದ ಕೆಳಗೆ, ಕಣಜದ ಹಿಂದೆ ಹೋಗುತ್ತದೆ. ಯಜಮಾನ ಹಗ್ಗ ಹಿಡಿದು ಹೊರಗೆ ನಿಂತರೆ ಅಲ್ಲಿಯೂ ಮಾಡುವುದಿಲ್ಲ. ಬೈದಾಗ ಕಿವಿ ತಗ್ಗಿಸಿ ನೋಡುವುದನ್ನು ತಪ್ಪೊಪ್ಪಿಗೆ ಎಂದು ತಿಳಿಯುವವರುಂಟು. ಅದು ಹೆದರಿಕೆಯಷ್ಟೆ.

ವಾಸನೆ ಉಳಿದ ಜಾಗಕ್ಕೆ ಮರಿ ಮತ್ತೆ ಬರುತ್ತದೆ. ಸಿಮೆಂಟು, ಕಲ್ಲು ನೆಲವನ್ನು ಸೋಪಿನ ನೀರಿನಿಂದ ತೊಳೆದು, ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಬೇಕು. ಅಮೋನಿಯಾ ಇರುವ ದ್ರಾವಣಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಬೇಡ. ಸಗಣಿ ಸಾರಿಸಿದ ನೆಲವಾದರೆ ತೊಯ್ದ ಮಣ್ಣನ್ನು ಕೆರೆದು ತೆಗೆದು ಹೊಸ ಮಣ್ಣು ಮೆತ್ತಿ ಸಾರಿಸಬೇಕು. ಮೇಲೆ ಮೇಲೆ ಸಾರಿಸಿದರೆ ನಮ್ಮ ಮೂಗಿಗೆ ವಾಸನೆ ಹೋದಂತೆ ಕಂಡರೂ ನಾಯಿಯ ಮೂಗಿಗೆ ಹೋಗಿರುವುದಿಲ್ಲ. ಮೆಣಸಿನಪುಡಿ ಎರಚುವುದು ಕ್ರೌರ್ಯ. ನುಸಿಗುಳಿಗೆ ಇಡುವುದು ಪ್ರಾಣಾಪಾಯ, ಏಕೆಂದರೆ ಅದನ್ನು ನುಂಗಿದ ಮರಿಯ ರಕ್ತಕಣಗಳು ನಾಶವಾಗುತ್ತವೆ. ಇಲಿಪಾಷಾಣ, ಬಸವನಹುಳುವಿನ ಗುಳಿಗೆ, ಕೀಟನಾಶಕದ ಡಬ್ಬಿ ಇರುವ ಕೋಣೆಗೂ ಮರಿಗೂ ನಡುವೆ ಬೀಗವಿರಬೇಕು.

ಅತಿಥಿ ಬಂದಾಗ ಅಥವಾ ಯಾರಾದರೂ ಬಗ್ಗಿ ಮುಟ್ಟಿದಾಗ ಮರಿ ಮೈ ಮುದುಡಿ ಹನಿ ಹನಿಯಾಗಿ ಮೂತ್ರ ಬಿಡುವುದುಂಟು. ಇದು ಶೌಚದ ತಪ್ಪಲ್ಲ, ಶರಣಾಗತಿಯ ಗುರುತು. ಬೈದರೆ ಹೆಚ್ಚುತ್ತದೆ, ಲಕ್ಷ್ಯ ಕೊಡದಿದ್ದರೆ ವಯಸ್ಸಾದಂತೆ ತಾನಾಗಿ ನಿಲ್ಲುತ್ತದೆ. ಚೆನ್ನಾಗಿ ರೂಢಿಯಾಗಿದ್ದ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಮೂತ್ರ ಮಾಡತೊಡಗಿದರೆ, ಮೂತ್ರದಲ್ಲಿ ಕೆಂಪು ಕಂಡರೆ, ಪಶುವೈದ್ಯರಿಗೆ ತೋರಿಸಬೇಕು. ಗಂಡುಮರಿಗಳು ಆರು ತಿಂಗಳು ದಾಟಿದ ಮೇಲೆ ಕಾಲೆತ್ತಿ ಕಂಬ, ಚೀಲಗಳ ಮೇಲೆ ಗುರುತು ಹಾಕತೊಡಗುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಇದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸಣ್ಣ ತಳಿಗಳಲ್ಲಿ ಪೂರ್ಣ ರೂಢಿಗೆ ಆರರಿಂದ ಎಂಟು ತಿಂಗಳೂ ಹಿಡಿಯಬಹುದೆಂಬುದನ್ನು ಮೊದಲೇ ತಿಳಿದಿದ್ದರೆ ಬೇಸರವಿಲ್ಲ.

ಬೊಗಳುವಿಕೆ

ಮುಧೋಳ ನಾಯಿ ಓಡಲು ಹುಟ್ಟಿದೆ, ಸ್ಪಿಟ್ಜ್ ಕೂಗಲು ಹುಟ್ಟಿದೆ ಎಂದರೆ ತಪ್ಪಾಗದು. ಉತ್ತರ ಯುರೋಪಿನ ಹಳ್ಳಿಗಳಲ್ಲಿ ಇದರ ಪೂರ್ವಜರನ್ನು ಸಾಕಿದುದೇ ಅಪರಿಚಿತರು ಬಂದರೆ ಕೂಗಿ ಎಚ್ಚರಿಸಲು. ಆದುದರಿಂದ ಪೂರ್ಣ ಮೌನವನ್ನು ಗುರಿಯಾಗಿಟ್ಟುಕೊಳ್ಳಬಾರದು. ನಾಲ್ಕು ಸಲ ಬೊಗಳಿ, ಯಜಮಾನ ಬಂದು ನೋಡಿದ ಮೇಲೆ ಸುಮ್ಮನಾಗುವ ನಾಯಿ ಒಂಟಿ ಮನೆಗೆ ದೊಡ್ಡ ಆಸ್ತಿ. ಸುಮ್ಮನಾಗದ ನಾಯಿಯ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ, ನಿಜವಾಗಿ ಕಳ್ಳ ಬಂದ ರಾತ್ರಿಯೂ ‘ಅದರ ಹಣೆಬರಹ’ ಎಂದು ಮಗ್ಗುಲು ಬದಲಿಸುತ್ತಾರೆ.

ಮೊದಲು ಕಾರಣವನ್ನು ಗುರುತಿಸಬೇಕು. ಗೇಟಿನ ಕಡೆ ಮುಖಮಾಡಿ ಕಿವಿ ನಿಮಿರಿಸಿ ಬೊಗಳುವುದು ಎಚ್ಚರಿಕೆ. ಯಜಮಾನನ ಮುಖ ನೋಡುತ್ತ, ತಟ್ಟೆಯ ಬಳಿ ನಿಂತು ಬಿಟ್ಟು ಬಿಟ್ಟು ಬೊಗಳುವುದು ಬೇಡಿಕೆ. ಬಾಲ ತಗ್ಗಿಸಿ, ಮುಂದೆ ನುಗ್ಗಿ ಹಿಂದೆ ಸರಿಯುತ್ತ ಬೊಗಳುವುದು ಹೆದರಿಕೆ. ಮನೆಯಲ್ಲಿ ಯಾರೂ ಇಲ್ಲದಾಗ ಊಳಿಡುತ್ತ ಬಾಗಿಲು ಕೆರೆಯುವುದು ಒಂಟಿತನ. ಬೊಗಳುವ ನಾಯಿ ಕಚ್ಚದೆಂಬ ಗಾದೆಯನ್ನು ಮೂರನೆಯ ಬಗೆಯ ನಾಯಿಯ ಮುಂದೆ ನಂಬಬಾರದು. ಹೆದರಿದ ನಾಯಿಗೆ ಓಡಲು ದಾರಿಯಿಲ್ಲದಿದ್ದರೆ ಅದು ಕಚ್ಚುತ್ತದೆ.

ಎಚ್ಚರಿಕೆಯ ಬೊಗಳುವಿಕೆಗೆ ‘ಸಾಕು’ ಎಂಬ ಮಾತನ್ನು ಕಲಿಸಬೇಕು. ಮನೆಯ ಒಬ್ಬರು ಹೊರಗಿನಿಂದ ಬಾಗಿಲು ತಟ್ಟಲಿ. ಮರಿ ಮೂರು ನಾಲ್ಕು ಸಲ ಬೊಗಳಿದ ಮೇಲೆ ಇನ್ನೊಬ್ಬರು ಅದರ ಹತ್ತಿರ ಹೋಗಿ, ಮೆಲುದನಿಯಲ್ಲಿ ಒಂದೇ ಸಲ ‘ಸಾಕು’ ಎಂದು, ತಿಂಡಿಯ ಚೂರನ್ನು ಮೂಗಿನ ಬಳಿ ಹಿಡಿಯಬೇಕು. ಮೂಸತೊಡಗಿದ ನಾಯಿಗೆ ಬೊಗಳಲು ಆಗುವುದಿಲ್ಲ. ಸುಮ್ಮನಾಗಿ ಎರಡು ಎಣಿಸುವಷ್ಟು ಹೊತ್ತಾದ ಮೇಲೆ ಕೊಡಬೇಕು. ಮರುದಿನ ಐದು ಎಣಿಸಿ, ಅನಂತರ ಹತ್ತು, ಹೀಗೆ ಮೌನದ ಅವಧಿಯನ್ನು ಬೆಳೆಸುತ್ತ ಹೋಗಬೇಕು. ದಿನಕ್ಕೆ ಐದು ನಿಮಿಷದಂತೆ ಎರಡು ಹೊತ್ತು ಮಾಡಿದರೆ ಕೆಲವು ವಾರಗಳಲ್ಲಿ ಬರಿಯ ಮಾತೇ ಸಾಕಾಗುತ್ತದೆ. ಬೊಗಳುತ್ತಿರುವಾಗಲೇ ತಿಂಡಿ ಕೊಟ್ಟರೆ ಬೊಗಳಿದ್ದಕ್ಕೇ ಕೂಲಿ ಕೊಟ್ಟಂತೆ. ಒಳಗಿನಿಂದ ‘ಏಯ್, ಸುಮ್ನಿರು’ ಎಂದು ಅರಚುವುದರಿಂದಂತೂ ಯಾವ ಪ್ರಯೋಜನವೂ ಇಲ್ಲ. ಯಜಮಾನನೂ ತನ್ನೊಡನೆ ಬೊಗಳುತ್ತಿದ್ದಾನೆಂದು ನಾಯಿ ಉತ್ಸಾಹಗೊಳ್ಳುತ್ತದೆ.

ಬೇಡಿಕೆಯ ಬೊಗಳುವಿಕೆಗೆ ಮದ್ದು ಒಂದೇ, ಕೊಡದಿರುವುದು. ಬೆನ್ನು ತಿರುಗಿಸಿ, ನೋಡದೆ, ಮಾತಾಡದೆ ಇರಬೇಕು. ಮೊದಲ ಕೆಲವು ದಿನ ಬೊಗಳುವುದು ಹಿಂದಿಗಿಂತ ಹೆಚ್ಚಾಗುತ್ತದೆ. ಆಗ ಸೋತು ರೊಟ್ಟಿಯ ಚೂರು ಎಸೆದರೆ, ಇನ್ನೂ ಜೋರಾಗಿ ಕೂಗಿದರೆ ಸಿಗುತ್ತದೆಂಬ ಪಾಠ ಪಕ್ಕಾ ಆಗುತ್ತದೆ. ಅಜ್ಜಿಯೊಬ್ಬರು ಕದ್ದು ತಿನ್ನಿಸುವ ಮನೆಯಲ್ಲಿ ಉಳಿದವರ ಶ್ರಮವೆಲ್ಲ ವ್ಯರ್ಥ, ಆದುದರಿಂದ ಮನೆಮಂದಿಯೆಲ್ಲ ಮೊದಲೇ ಕೂಡಿ ಮಾತಾಡಿಕೊಳ್ಳುವುದು ಒಳ್ಳೆಯದು.

ಹೆದರಿಕೆಯ ಬೊಗಳುವಿಕೆಯನ್ನು ಬಾರದಂತೆ ತಡೆಯುವುದು ಸುಲಭ, ಬಂದ ಮೇಲೆ ಬಿಡಿಸುವುದು ಕಷ್ಟ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ಕಂಡದ್ದನ್ನೆಲ್ಲ ಸಹಜವೆಂದು ಒಪ್ಪಿಕೊಳ್ಳುತ್ತದೆ. ಆ ಅವಧಿಯಲ್ಲಿ ಅದನ್ನು ತೋಳಿನಲ್ಲಿ ಎತ್ತಿಕೊಂಡೇ ಟ್ರ್ಯಾಕ್ಟರ್, ಟಿಲ್ಲರ್, ಎತ್ತಿನ ಗಾಡಿ, ಹಾಲಿನ ವಾಹನ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು, ಕೊಡೆ ಹಿಡಿದವರು, ಕಂಬಳಿಕೊಪ್ಪೆ ಹಾಕಿದವರು, ಔಷಧಿ ಸಿಂಪರಣೆಯ ಯಂತ್ರ ಎಲ್ಲವನ್ನೂ ದೂರದಿಂದ ತೋರಿಸಿ, ಆಗಾಗ ತಿಂಡಿ ಕೊಡಬೇಕು. ನೆಲಕ್ಕೆ ಬಿಡದಿದ್ದರೆ ಲಸಿಕೆ ಮುಗಿಯುವ ಮುನ್ನವೂ ಇದನ್ನು ಮಾಡಬಹುದು. ಈಗಾಗಲೇ ಹೆದರುವ ನಾಯಿಯಾದರೆ ಬಂದವರು ಅದನ್ನು ನೋಡದೆ, ಮುಟ್ಟದೆ, ಕುಳಿತಲ್ಲಿಂದಲೇ ಒಂದೆರಡು ಚೂರು ತಿಂಡಿಯನ್ನು ಅದರ ಕಡೆಗೆ ಉರುಳಿಸಿ ಸುಮ್ಮನಿದ್ದರೆ ದಿನಗಳೆದಂತೆ ಹತ್ತಿರ ಬರುತ್ತದೆ. ದೀಪಾವಳಿಯ ರಾತ್ರಿ ಒಳಕೋಣೆಯಲ್ಲಿ ಜೊತೆಗೊಬ್ಬರು ಇರಬೇಕು.

ಒಂಟಿತನಕ್ಕೆ ಅಭ್ಯಾಸವೇ ಪರಿಹಾರ. ಮೊದಲು ಅರ್ಧ ನಿಮಿಷ ಹೊರಗೆ ಹೋಗಿ ಬರುವುದು, ಆಮೇಲೆ ಎರಡು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಹೋಗುವಾಗಲೂ ಬಂದಾಗಲೂ ಸಂಭ್ರಮ ಮಾಡಬಾರದು. ಹೋಗುವ ಮುನ್ನ ಚೆನ್ನಾಗಿ ಓಡಾಡಿಸಿದರೆ ಅದು ಮಲಗುತ್ತದೆ. ಪುಟ್ಟ ನಾಯಿಗೂ ದಿನಕ್ಕೆ ಎರಡು ಹೊತ್ತು ಇಪ್ಪತ್ತು ನಿಮಿಷದ ನಡಿಗೆ ಬೇಕು.

ಬಾಯಿಗೆ ಬಟ್ಟೆ ಕಟ್ಟುವುದು ಕೆಲವರು ಮಾಡುವ ಉಪಾಯ. ನಾಯಿ ಮೈಯ ಶಾಖವನ್ನು ಹೊರಹಾಕುವುದು ಬಾಯಿ ತೆರೆದು ತೇಕುವುದರಿಂದ. ದಟ್ಟ ಕೂದಲಿನ ಸ್ಪಿಟ್ಜ್‌ಗೆ ಬೇಸಿಗೆಯಲ್ಲಿ ಬಾಯಿ ಕಟ್ಟಿದರೆ ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣ ಹೋಗಬಹುದು. ವಿದ್ಯುತ್ ಆಘಾತ ಕೊಡುವ ಪಟ್ಟಿಗಳೂ ಬೇಡ. ರಸ್ತೆ ಕಾಣುವ ಕಡೆ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಬಿಟ್ಟ ನಾಯಿಗಿಂತ ಹೆಚ್ಚು ಬೊಗಳುತ್ತದೆ. ನಾಯಿಯನ್ನು ಸದಾ ಕಟ್ಟಿಹಾಕಿ ಓಡಾಟವಿಲ್ಲದಂತೆ ಮಾಡುವುದು 1960 ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಚಿರತೆಯ ಓಡಾಟವಿರುವ ತಾಲ್ಲೂಕುಗಳಲ್ಲಿ ರಾತ್ರಿ ಜಗಲಿಗೆ ಕಟ್ಟಿದ ಸಣ್ಣ ನಾಯಿ ಚಿರತೆಯನ್ನು ಮನೆಬಾಗಿಲಿಗೆ ಕರೆದಂತೆ. ಕತ್ತಲಾದ ಮೇಲೆ ಅದು ಒಳಗಿರಬೇಕು. ಒಳಗಿರಬೇಕಾದರೆ ಶೌಚದ ಪಾಠ ಆಗಿರಲೇಬೇಕು.

ಲಸಿಕೆ ಮತ್ತು ಜಂತುನಾಶಕ

ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಮುಂತಾದವುಗಳ ಸಂಯುಕ್ತ ಲಸಿಕೆ ಪ್ರಾರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರದವರೆಗೆ ಮುಂದುವರಿಸಬೇಕು. ಇಲಿಜ್ವರದ ಲಸಿಕೆಯೂ ಸೇರಿರುವುದು ಗದ್ದೆ ಕೊಟ್ಟಿಗೆಯ ಮನೆಗಳಿಗೆ ಅಗತ್ಯ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಮರುಲಸಿಕೆ. ಸೆಪ್ಟೆಂಬರ್ 28 ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಹಲವು ಪಶು ಚಿಕಿತ್ಸಾಲಯಗಳಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ಜಂತುನಾಶಕವನ್ನು ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮರಿಯ ತೂಕಕ್ಕೆ ಸರಿಯಾಗಿ ಕೊಡಿಸಬೇಕು.

ಧ್ವನಿ ಬದಲಾದಾಗ

ಬೊಗಳುವಿಕೆಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತನ್ನು ಪ್ರತಿ ಮನೆಯವರೂ ತಿಳಿದಿರಬೇಕು. ರೇಬೀಸ್ ತಗಲಿದ ನಾಯಿಯ ಗಂಟಲಿನ ಸ್ನಾಯುಗಳು ಸೋತು ಧ್ವನಿ ಒಡೆಯುತ್ತದೆ. ಬೊಗಳುವುದು ಗೊಗ್ಗರಾಗಿ, ಕೊನೆಯಲ್ಲಿ ಊಳಿನಂತೆ ಎಳೆಯುತ್ತದೆ. ಜೊಲ್ಲು ಸುರಿಯುತ್ತದೆ, ಕೆಳದವಡೆ ಜೋತುಬೀಳುತ್ತದೆ, ನುಂಗಲಾಗದೆ ಒದ್ದಾಡುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಮುದ್ದಿನ ನಾಯಿಯ ಬಾಯೊಳಗೆ ಕೈ ಹಾಕಿ ಸೋಂಕು ತಂದುಕೊಂಡು ಪ್ರಾಣ ಬಿಟ್ಟವರುಂಟು. ಪುಟ್ಟ ನಾಯಿ, ಮನೆಯೊಳಗಿನ ನಾಯಿ ಎಂಬ ಭರವಸೆ ಇಲ್ಲಿ ನಡೆಯದು. ಬೀದಿನಾಯಿಯೊಂದು ಬೇಲಿಯ ಸಂದಿಯಲ್ಲಿ ಕಚ್ಚಿ ಹೋದದ್ದು ದಟ್ಟ ಕೂದಲಿನ ಮರೆಯಲ್ಲಿ ಮನೆಯವರಿಗೆ ಕಾಣದೇ ಇರಬಹುದು. ಲಸಿಕೆ ಹಾಕಿಸದ ನಾಯಿಯ ಧ್ವನಿ ಬದಲಾದರೆ ಅದನ್ನು ಮುಟ್ಟದೆ, ಕೋಣೆಯಲ್ಲಿ ಕೂಡಿ ಚಿಲಕ ಹಾಕಿ, ಪಶುವೈದ್ಯರನ್ನು ಕರೆಸಬೇಕು. ಅದರ ಹಲ್ಲು ತಾಗಿದ್ದರೆ, ಅಥವಾ ಜೊಲ್ಲು ಗಾಯಕ್ಕೆ, ಕಣ್ಣಿಗೆ, ಬಾಯಿಗೆ ಸೋಕಿದ್ದರೆ, ಆ ಜಾಗವನ್ನು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದ ಮೇಲಿನ ಗಾಯವನ್ನು ಸೋಪು ಹಚ್ಚಿಯೇ ತೊಳೆಯಬೇಕು. ಸುಣ್ಣ, ಅರಿಸಿನ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ವೈದ್ಯರು ಹೇಳಿದ ದಿನಗಳಂದು ಚುಚ್ಚುಮದ್ದುಗಳೆಲ್ಲವನ್ನೂ ತಪ್ಪದೆ ಪೂರ್ತಿಗೊಳಿಸಬೇಕು.